ಅಕ್ಕ, ತಂಗಿ, ಸಕ್ಕರೆ ಬಟ್ಟಲು



ಇವತ್ತು ಒಂದು ಕಾದಂಬರಿಯ ಬಗ್ಗೆ ಮಾತಾಡುತ್ತೇನೆ. ಅದು ಅಮೆರಿಕದ ಕಾದಂಬರಿ. ಬರೆದವರು ಶರ್ಲಿ ಜ್ಯಾಕ್ಸನ್. ಹೆಸರು ಸ್ವಲ್ಪ ಉದ್ದ: 'ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್'. ನಾವು ಯಾವತ್ತೂ ಕೋಟೆಯಲ್ಲೇ ಬಾಳಿದವರು ಎಂದು ಅದರ ಅರ್ಥ. 1962ರಲ್ಲಿ ಅಚ್ಚಾಯಿತು. ಚಿಕ್ಕ ಪುಸ್ತಕ. ಎರಡು ಸಂಜೆ ಕೂತರೆ ಓದಿ ಮುಗಿಸಬಹುದು.

ಅದರಲ್ಲಿ ಇಬ್ಬರು ಅಕ್ಕತಂಗಿಯರು. ಅಕ್ಕ ಕಾನ್‌ಸ್ಟನ್ಸ್. ತಂಗಿ ಮೇರಿ ಕ್ಯಾಥರಿನ್. ತಂಗಿಯನ್ನು ಮನೆಯಲ್ಲಿ ಮೆರಿಕ್ಯಾಟ್ ಎಂದು ಕರೆಯುತ್ತಾರೆ. ಮನೆತನದ ಹೆಸರು ಬ್ಲ್ಯಾಕ್‌ವುಡ್. ಊರಾಚೆ ಒಂದು ದೊಡ್ಡ ಮನೆ, ಅದರ ಸುತ್ತ ಬೇಲಿ. ಆರು ವರ್ಷಗಳ ಹಿಂದೆ ಒಂದು ರಾತ್ರಿ ಆ ಮನೆಯಲ್ಲಿ ಊಟದ ಹೊತ್ತಿಗೆ ನಾಲ್ಕು ಜನ ಸತ್ತರು. ಅಪ್ಪ, ಅಮ್ಮ, ಚಿಕ್ಕಮ್ಮ, ತಮ್ಮ. ಸಕ್ಕರೆ ಬಟ್ಟಲಿನಲ್ಲಿ ಆರ್ಸೆನಿಕ್ ಎಂಬ ಪಾಷಾಣ ಬೆರೆತಿತ್ತು. ಚಿಕ್ಕಪ್ಪ ಜೂಲಿಯನ್ ಸಕ್ಕರೆಯನ್ನು ಸ್ವಲ್ಪವೇ ಹಾಕಿಕೊಂಡಿದ್ದರು. ಬದುಕಿದರು, ಆದರೆ ಗಾಲಿ ಕುರ್ಚಿಗೆ ಬಿದ್ದರು. ಅಕ್ಕ ಸಕ್ಕರೆ ಮುಟ್ಟಿರಲಿಲ್ಲ. ಅಡುಗೆ ಮಾಡಿದವಳು ಅವಳೇ. ಆದ್ದರಿಂದ ಅವಳ ಮೇಲೆ ಮೊಕದ್ದಮೆ ನಡೆಯಿತು. ನ್ಯಾಯಾಲಯ ಬಿಡುಗಡೆ ಮಾಡಿತು. ಊರು ಬಿಡುಗಡೆ ಮಾಡಲಿಲ್ಲ.

ತಂಗಿಗೆ ಆಗ ಹನ್ನೆರಡು ವರ್ಷ. ಏನೋ ತಪ್ಪು ಮಾಡಿದಳೆಂದು ಅವಳನ್ನು ಅವತ್ತು ಊಟ ಕೊಡದೆ ಮಲಗಲು ಕಳಿಸಿದ್ದರು.

ಇಷ್ಟು ಹೇಳಿದ ಮೇಲೆ ವಿಷ ಹಾಕಿದವರು ಯಾರು ಎಂದು ನೀವು ಊಹಿಸಿಬಿಟ್ಟಿರಬಹುದು. ನಿಮ್ಮ ಊಹೆ ಸರಿ. ಗುಟ್ಟು ಹೊರಬಿತ್ತಲ್ಲ ಎಂದು ಬೇಸರಪಡಬೇಡಿ. ಜ್ಯಾಕ್ಸನ್ ಅದನ್ನು ಬಹಳ ಜೋಪಾನವಾಗಿ ಮುಚ್ಚಿಡಲೂ ಇಲ್ಲ. ಮೊದಲ ಪುಟದಿಂದಲೇ ಅದು ನಮ್ಮ ಕಣ್ಣೆದುರು ಇರುತ್ತದೆ. ನಮಗೆ ಕಾಣುವುದಿಲ್ಲ, ಅಷ್ಟೇ. ಯಾಕೆ ಕಾಣುವುದಿಲ್ಲ? ಇವತ್ತಿನ ನನ್ನ ವಿಷಯ ಅದೇ. ಈ ಲೇಖಕಿ ಪಾತ್ರಗಳನ್ನು ಹೇಗೆ ಬಣ್ಣಿಸುತ್ತಾರೆ? ಯಾವ ಚಿತ್ರಗಳನ್ನು ಬಳಸುತ್ತಾರೆ? ಆ ಚಿತ್ರಗಳು ಏನನ್ನು ಹೇಳುತ್ತವೆ, ಏನನ್ನು ಬಚ್ಚಿಡುತ್ತವೆ?

ಮೊದಲು ತಂಗಿಯ ವಿಷಯ.

ಇಡೀ ಕಥೆಯನ್ನು ಹೇಳುವವಳು ಮೆರಿಕ್ಯಾಟ್. ಕಥೆಯ ಹೊತ್ತಿಗೆ ಅವಳಿಗೆ ಹದಿನೆಂಟು ವರ್ಷ. ಮೊದಲ ಪ್ಯಾರಾದಲ್ಲಿ ಅವಳು ತನ್ನನ್ನು ತಾನೇ ಪರಿಚಯಿಸಿಕೊಳ್ಳುತ್ತಾಳೆ. ಸಾಮಾನ್ಯವಾಗಿ ಕಾದಂಬರಿಯ ಹುಡುಗಿ ತನ್ನ ಕಣ್ಣು, ಕೂದಲು, ಎತ್ತರ ಹೇಳುತ್ತಾಳೆ. ಇವಳು ಹೇಳುವುದು ಬೆರಳುಗಳ ಬಗ್ಗೆ. ಎರಡೂ ಕೈಗಳಲ್ಲಿ ನಡುವಿನ ಎರಡು ಬೆರಳು ಒಂದೇ ಉದ್ದವಂತೆ. ಅದೃಷ್ಟ ಇದ್ದಿದ್ದರೆ ತೋಳಮಾನವಳಾಗಿ ಹುಟ್ಟಬಹುದಿತ್ತು ಎಂಬುದು ಅವಳ ಕೊರಗು. ಆಮೇಲೆ ಬೇಡವಾದವುಗಳ ಪಟ್ಟಿ. ಮೈ ತೊಳೆಯುವುದು ಬೇಡ. ನಾಯಿಗಳು ಬೇಡ. ಗದ್ದಲ ಬೇಡ. ಆಮೇಲೆ ಇಷ್ಟವಾದವುಗಳು. ಅಕ್ಕ ಇಷ್ಟ. ಇಂಗ್ಲೆಂಡಿನ ಹಳೆಯ ರಾಜವಂಶದ ರಿಚರ್ಡ್ ಪ್ಲಾಂಟಾಜನೆಟ್ ಇಷ್ಟ. ಮತ್ತೆ ಒಂದು ಅಣಬೆ ಇಷ್ಟ. ಅದು ತಿಂದವರನ್ನು ಕೊಲ್ಲುವ ಅಣಬೆ. ಪ್ಯಾರಾದ ಕೊನೆಗೆ, ಮನೆಯ ಉಳಿದವರೆಲ್ಲ ಸತ್ತಿದ್ದಾರೆ ಎಂದು ಹೇಳಿ ನಿಲ್ಲಿಸುತ್ತಾಳೆ.

ಗಮನಿಸಿ. ಕೊಲ್ಲುವ ಅಣಬೆ ಒಂದು ವಾಕ್ಯದಲ್ಲಿ. ಸತ್ತ ಮನೆಮಂದಿ ಮುಂದಿನ ವಾಕ್ಯದಲ್ಲಿ. ಇವೆರಡರ ನಡುವೆ ಒಂದು ಪೂರ್ಣವಿರಾಮ ಮಾತ್ರ. ತಪ್ಪೊಪ್ಪಿಗೆ ಅಲ್ಲೇ ಆಗಿಹೋಯಿತು. ಆದರೆ ಆ ದನಿ ಎಷ್ಟು ಮುದ್ದಾಗಿದೆ ಎಂದರೆ ನಾವು ಮುಗುಳ್ನಕ್ಕು ಮುಂದಕ್ಕೆ ಹೋಗುತ್ತೇವೆ. ವಿಚಿತ್ರ ಹುಡುಗಿ ಎಂದುಕೊಳ್ಳುತ್ತೇವೆ. ವರ್ಣನೆಯ ಕಸುಬು ಬಲ್ಲವರು ಮಾತ್ರ ಮಾಡಬಲ್ಲ ಕೆಲಸ ಇದು. ಪಾತ್ರ ತನ್ನ ಬಗ್ಗೆ ಎಲ್ಲವನ್ನೂ ಹೇಳಿಬಿಡುತ್ತದೆ. ಓದುಗ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಮುಖದ ಗುರುತು ಕೊಡದ ಈ ಹುಡುಗಿಯನ್ನು ನಾವು ತಿಳಿಯುವುದು ಅವಳು ಮಾಡುವ ಒಂದು ಕೆಲಸದಿಂದ. ಅವಳು ಹೂಳುತ್ತಾಳೆ. ಹಾಲುಹಲ್ಲು ಬಿದ್ದಾಗ ಹೂತಳು. ಬಣ್ಣದ ಗೋಲಿಗಳನ್ನು ಹೂತಳು. ಬೆಳ್ಳಿಯ ಡಾಲರ್ ನಾಣ್ಯಗಳನ್ನು ಪೆಟ್ಟಿಗೆಯಲ್ಲಿಟ್ಟು ಹಳ್ಳದ ಹತ್ತಿರ ಹೂತಳು. ಮಣ್ಣಿಗೆ ಹೋಗದ್ದನ್ನು ಮರಕ್ಕೆ ಹೊಡೆಯುತ್ತಾಳೆ. ಅಪ್ಪನ ಒಂದು ಟಿಪ್ಪಣಿ ಪುಸ್ತಕ ಮರಕ್ಕೆ ಮೊಳೆ ಹೊಡೆದು ತೂಗಿದೆ. ಇದೆಲ್ಲ ಅವಳಿಗೆ ಆಟವಲ್ಲ, ಕಾವಲು. ಮನೆಯ ಸುತ್ತ ದಿಗ್ಬಂಧನ ಹಾಕುತ್ತಿದ್ದಾಳೆ. ಒಂದು ಮೊಳೆ ಕಳಚಿ ಪುಸ್ತಕ ಕೆಳಗೆ ಬಿದ್ದರೆ, ಯಾರೋ ಬರುತ್ತಾರೆ, ಕೇಡು ಬರುತ್ತದೆ ಎಂದು ಅವಳಿಗೆ ಖಾತ್ರಿ. ಪುಸ್ತಕ ಬೀಳುತ್ತದೆ. ಕೇಡು ಬರುತ್ತದೆ.

ಇನ್ನೊಂದು ಚಿತ್ರ ನನಗೆ ಬಹಳ ಇಷ್ಟ. ಅಪಾಯ ಹತ್ತಿರ ಬಂದಿದೆ ಎನ್ನಿಸಿದಾಗ ಮೆರಿಕ್ಯಾಟ್ ಮೂರು ಪದಗಳನ್ನು ಆರಿಸಿಕೊಳ್ಳುತ್ತಾಳೆ. ಅವನ್ನು ಯಾರೂ ಗಟ್ಟಿಯಾಗಿ ಹೇಳದಿದ್ದರೆ ಸಾಕು, ಏನೂ ಬದಲಾಗುವುದಿಲ್ಲ ಎಂಬ ನಂಬಿಕೆ. ಒಂದು ಪದವನ್ನು ಅವಳು ಬ್ರೆಡ್ಡಿನ ಮೇಲಿನ ಏಪ್ರಿಕಾಟ್ ಜಾಮ್‌ನಲ್ಲಿ ಚಮಚದ ಹಿಡಿಕೆಯಿಂದ ಬರೆಯುತ್ತಾಳೆ. ಬರೆದು ತಕ್ಷಣ ತಿಂದುಬಿಡುತ್ತಾಳೆ. ಇನ್ನೊಂದು ಪದವನ್ನು ಖಾಲಿ ಲೋಟದೊಳಗೆ ಉಚ್ಚರಿಸಿ, ಅದಕ್ಕೆ ನೀರು ತುಂಬಿ ಕುಡಿಯುತ್ತಾಳೆ. ಇಲ್ಲಿ ಅವಳು ಹೂಳುವ ಜಾಗ ಅವಳದೇ ಹೊಟ್ಟೆ. ಹದಿನೆಂಟು ವರ್ಷದ ಹುಡುಗಿ. ಅವಳಿಗೆ ಭಯ ಎಷ್ಟಿದೆ ಎಂದು ಜ್ಯಾಕ್ಸನ್ ಒಂದೇ ಒಂದು ಸಲವೂ ವಿವರಿಸುವುದಿಲ್ಲ. ಜಾಮ್ ಇದೆ, ಚಮಚ ಇದೆ, ಲೋಟ ಇದೆ. ಸಾಕು.

ಇದೆಲ್ಲ ಲೇಖಕಿಗೆ ಎಲ್ಲಿಂದ ಬಂತು ಎಂದು ಕೇಳಬಹುದು. ಜ್ಯಾಕ್ಸನ್‌ಗೆ ಜನಪದ ಮಾಟಮಂತ್ರದ ಬಗ್ಗೆ ಓದು ಬಹಳ ಇತ್ತು. 17ನೇ ಶತಮಾನದ ಕೊನೆಗೆ ಅಮೆರಿಕದ ಸೇಲಂ ಎಂಬಲ್ಲಿ ಮಾಟಗಾತಿಯರೆಂದು ಹಲವರನ್ನು ನೇಣಿಗೆ ಹಾಕಿದ್ದರಲ್ಲ. ಆ ಪ್ರಕರಣದ ಬಗ್ಗೆ ಅವರು 1956ರಲ್ಲಿ ಎಳೆಯರಿಗಾಗಿ ಒಂದು ಪುಸ್ತಕವನ್ನೇ ಬರೆದರು. ಊರು ಒಟ್ಟಾಗಿ ಒಬ್ಬಳನ್ನು ಬೆರಳಿಟ್ಟು ತೋರಿಸುವುದು ಹೇಗೆ ಎಂಬುದು ಅವರನ್ನು ಬಿಡದೆ ಕಾಡಿದ ಪ್ರಶ್ನೆ. 1948ರಲ್ಲಿ 'ದ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಂದ 'ದ ಲಾಟರಿ' ಎಂಬ ಅವರ ಸಣ್ಣಕಥೆಯಲ್ಲೂ ಇರುವುದು ಇದೇ. ಕೇಳುಗರಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು ಆ ಕಥೆಯನ್ನು ಬಲ್ಲಿರಿ.

ಇಲ್ಲಿಯವರೆಗೆ ತಂಗಿಯನ್ನು ನೋಡಿದೆವು. ಅವಳಿಗೆ ಮುಖವಿಲ್ಲ, ಬೆರಳುಗಳಿವೆ. ಅವಳು ಹೂಳುವವಳು. ಈಗ ಅಕ್ಕನ ಕಡೆ ಬರೋಣ.

ಅಕ್ಕನಿಗೆ ಮುಖ ಇದೆ. ಚಂದದ ಮುಖ. ಬಿಳಿ, ಗುಲಾಬಿ, ಚಿನ್ನದ ಬಣ್ಣ. ಮೆರಿಕ್ಯಾಟ್ ಪುಟ್ಟವಳಿದ್ದಾಗ ಬಣ್ಣದ ಕಡ್ಡಿ ಹಿಡಿದು ಅಕ್ಕನ ಚಿತ್ರ ಬರೆಯುತ್ತಿದ್ದಳಂತೆ. ಉದ್ದ ಹೊಂಗೂದಲು, ನೀಲಿ ಕಣ್ಣು, ಕೆನ್ನೆಯ ಮೇಲೆ ಎರಡು ಗುಲಾಬಿ ಚುಕ್ಕೆ. ಬರೆದು ಮುಗಿಸಿ ನೋಡಿದರೆ ಅಕ್ಕ ನಿಜಕ್ಕೂ ಹಾಗೇ ಇದ್ದಾಳೆ. ಈ ವರ್ಣನೆಯಲ್ಲಿ ಪ್ರೀತಿ ಇದೆ. ಅದರ ಜೊತೆಗೆ ಇನ್ನೂ ಒಂದು ಇದೆ. ಕಾನ್‌ಸ್ಟನ್ಸ್ ಇಲ್ಲಿ ಒಂದು ಮಗುವಿನ ಚಿತ್ರಪಟ. ಅವಳು ಮನುಷ್ಯಳಾಗಿ ಬದಲಾಗಬಾರದು, ವಯಸ್ಸಾಗಬಾರದು, ಕಾಗದದ ಅಂಚು ದಾಟಬಾರದು. ತಂಗಿಯ ಕಣ್ಣಲ್ಲಿ ಅಕ್ಕನಿಗಿರುವ ಜಾಗ ಅಷ್ಟೇ.

ಆದ್ದರಿಂದ ಅಕ್ಕನ ನಿಜವಾದ ವರ್ಣನೆ ಬೇರೆ ಕಡೆ ಇದೆ. ಅದು ನೆಲಮಾಳಿಗೆಯಲ್ಲಿದೆ.

ಬ್ಲ್ಯಾಕ್‌ವುಡ್ ಮನೆಯ ನೆಲಮಾಳಿಗೆಯ ತುಂಬ ಗಾಜಿನ ಜಾಡಿಗಳು. ಹಣ್ಣಿನ ಪಾಕ, ಉಪ್ಪಿನಲ್ಲಿ ಹಾಕಿದ ತರಕಾರಿ, ಜಾಮ್. ಸಾಲು ಸಾಲಾಗಿ ಗೋಡೆಯುದ್ದಕ್ಕೂ ಇವೆ. ನಿಮಗೆ ಕಣ್ಣಿಗೆ ತೋರಿಸಲಾರೆ, ಹೇಳುತ್ತೇನೆ. ಕಡುಗೆಂಪು ಒಂದು ಸಾಲು. ಜೇನಿನ ಬಣ್ಣದ್ದು ಇನ್ನೊಂದು. ಗಾಢ ಹಸಿರು ಮತ್ತೊಂದು. ಆ ಮನೆಗೆ ಸೊಸೆಯಾಗಿ ಬಂದ ಒಬ್ಬೊಬ್ಬ ಹೆಂಗಸೂ ತನ್ನ ಕಾಲದಲ್ಲಿ ಮಾಡಿಟ್ಟು ಹೋದ ಜಾಡಿಗಳಿವು. ಅಜ್ಜಿಯದು ಇದೆ. ಮುತ್ತಜ್ಜಿಯದು ಇದೆ. ಈಗ ಕಾನ್‌ಸ್ಟನ್ಸ್ ಪ್ರತಿ ಬೇಸಿಗೆ ತನ್ನ ಸಾಲನ್ನು ಸೇರಿಸುತ್ತಾಳೆ. ನಮ್ಮಲ್ಲಿ ಅಜ್ಜಿ ಹಾಕಿಟ್ಟ ಉಪ್ಪಿನಕಾಯಿ ಭರಣಿ ಇರುತ್ತದಲ್ಲ. ಅಜ್ಜಿ ಹೋದ ಮೇಲೂ ಅದರ ಬಟ್ಟೆಯ ಕಟ್ಟು ಬಿಚ್ಚಲು ಮನಸ್ಸು ಬಾರದೆ ಹಾಗೇ ಇಟ್ಟಿರುತ್ತಾರೆ. ಆ ಭಾವವೇ ಇಲ್ಲಿಯದೂ. ಒಂದು ವ್ಯತ್ಯಾಸ ಇದೆ. ಹಳೆಯ ಜಾಡಿಗಳನ್ನು ತಿಂದರೆ ನಾವು ಸಾಯುತ್ತೇವೆ ಎಂದು ಕಾನ್‌ಸ್ಟನ್ಸ್ ತಂಗಿಗೆ ಹೇಳುತ್ತಾಳೆ. ಎಸೆಯುವುದೂ ಇಲ್ಲ. ಅಲ್ಲೇ ಹಾಗೇ ಬಿಟ್ಟಿದ್ದಾಳೆ.

ಈ ಚಿತ್ರವನ್ನು ಸ್ವಲ್ಪ ಹೊತ್ತು ಬಿಡದೆ ಹಿಡಿದುಕೊಳ್ಳಿ. ಮನೆಯ ಅಡಿಪಾಯದಲ್ಲಿ, ಕತ್ತಲೆಯಲ್ಲಿ, ನಾಲ್ಕಾರು ತಲೆಮಾರಿನ ಹೆಂಗಸರ ದುಡಿಮೆ ಇದೆ. ಅದು ಅಂದವಾಗಿದೆ, ವಿಷವೂ ಆಗಿದೆ. ಯಾರೂ ಅದನ್ನು ಮುಟ್ಟುವುದಿಲ್ಲ. ಎಲ್ಲರೂ ಅದನ್ನು ಕಾಯುತ್ತಾರೆ. ಇಡೀ ಕುಟುಂಬದ ಚರಿತ್ರೆ ಈ ಒಂದು ಕೋಣೆಯಲ್ಲಿದೆ. ಅಪ್ಪ ಎಂಥವನು, ಅಮ್ಮ ಎಂಥವಳು ಎಂದು ಜ್ಯಾಕ್ಸನ್ ಬಹಳ ಕಡಿಮೆ ಹೇಳುತ್ತಾರೆ. ಅಪ್ಪ ಯಾರು ಯಾರು ತನಗೆ ಸಾಲ ಬಾಕಿ ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಊರಿನವರು ಓಡಾಡುತ್ತಿದ್ದ ಕಾಲುದಾರಿಗೆ ಬೇಲಿ ಹಾಕಿಸಿ ಮುಚ್ಚಿಸಿದ್ದ. ತಮಗೆ ಬಂದದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುವ ಜನ. ಜಾಡಿಗಳು ಅದನ್ನೇ ಹೇಳುತ್ತವೆ.

ಹಾಗಾದರೆ ಅಕ್ಕ ಕಾಪಿಡುವವಳು. ತಂಗಿ ಹೂಳುವವಳು. ಮೇಲ್ನೋಟಕ್ಕೆ ಇವು ವಿರುದ್ಧ ಕೆಲಸಗಳು. ಒಬ್ಬಳದು ಬೆಳಕಿನ ಅಡುಗೆಮನೆ, ಇನ್ನೊಬ್ಬಳದು ಮಣ್ಣು, ಕಾಡು. ವಿಮರ್ಶೆ ಬರೆದವರಲ್ಲಿ ಹಲವರು ಅಕ್ಕತಂಗಿಯರನ್ನು ಹೀಗೇ ಬೇರ್ಪಡಿಸಿದ್ದಾರೆ. ಒಬ್ಬಳು ಸಾಧು, ಇನ್ನೊಬ್ಬಳು ಹುಚ್ಚಿ. ನನಗೆ ಈ ವಿಂಗಡಣೆ ಒಪ್ಪಿಗೆಯಿಲ್ಲ. ಹೂಳುವುದೂ ಕಾಪಿಡುವುದೇ. ಒಬ್ಬಳು ಮಣ್ಣಿನಲ್ಲಿ ಮುಚ್ಚುತ್ತಾಳೆ, ಒಬ್ಬಳು ಗಾಜಿನಲ್ಲಿ ಮುಚ್ಚುತ್ತಾಳೆ. ಇಬ್ಬರಿಗೂ ಬೇಕಾದದ್ದು ಒಂದೇ. ಇರುವುದು ಇರುವಂತೆಯೇ ಇರಬೇಕು. ಯಾರೂ ತೆರೆಯಬಾರದು.

ಈ ಎರಡು ಕೈಗಳು ಒಂದು ಕಡೆ ಕೂಡುತ್ತವೆ. ಅದು ಸಕ್ಕರೆ ಬಟ್ಟಲು.

ಆ ರಾತ್ರಿಯ ಊಟವನ್ನು ನಾವು ಚಿಕ್ಕಪ್ಪ ಜೂಲಿಯನ್ ಬಾಯಿಂದ ಕೇಳುತ್ತೇವೆ. ಅವರು ಆ ಒಂದು ದಿನದ ಬಗ್ಗೆಯೇ ಪುಸ್ತಕ ಬರೆಯುತ್ತಿದ್ದಾರೆ. ಆರು ವರ್ಷದಿಂದ ಟಿಪ್ಪಣಿ ಮಾಡುತ್ತಲೇ ಇದ್ದಾರೆ. ಯಾರು ಏನು ತಿಂದರು, ಯಾರು ಎಲ್ಲಿ ಕೂತಿದ್ದರು, ಎಲ್ಲ ಬೇಕು ಅವರಿಗೆ. ಎಳೆಯ ಕುರಿಮರಿಯ ಮಾಂಸ. ಪುದೀನದ ಜೆಲ್ಲಿ. ಹೊಸ ಆಲೂಗಡ್ಡೆ, ಹೊಸ ಬಟಾಣಿ. ಕೊನೆಗೆ ಕಪ್ಪು ಬೆರಿ ಹಣ್ಣು, ಮೇಲೆ ಉದುರಿಸಿಕೊಳ್ಳಲು ಸಕ್ಕರೆ. ಬಾಯಲ್ಲಿ ನೀರೂರುವಂತೆ ಹೇಳುತ್ತಾರೆ. ಅದೇ ಕೊಲೆಯ ವರದಿ. ಚಹಾಕ್ಕೆ ಬಂದ ಒಬ್ಬ ಅತಿಥಿ ಹೆಂಗಸು ಆಸೆಯಿಂದ, ಭಯದಿಂದ ಕೇಳುತ್ತಾ ಕೂರುತ್ತಾಳೆ. ಅವಳ ಕೈಯಲ್ಲಿ ಚಹಾದ ಬಟ್ಟಲು ಇದೆ. ಸಕ್ಕರೆ ಹಾಕಿಕೊಳ್ಳಬೇಕೋ ಬೇಡವೋ. ಈ ದೃಶ್ಯದಲ್ಲಿ ನಗು ಬರುತ್ತದೆ, ಮೈ ಜುಮ್ಮೆನ್ನುತ್ತದೆ. ಎರಡೂ ಒಟ್ಟಿಗೆ.

ಆ ಚಿಕ್ಕಪ್ಪನ ಬಗ್ಗೆ ಒಂದು ಮಾತು. ಅವರ ಲೆಕ್ಕದಲ್ಲಿ ಮೆರಿಕ್ಯಾಟ್ ಬದುಕಿಲ್ಲ. ಮೊಕದ್ದಮೆ ನಡೆಯುತ್ತಿದ್ದಾಗ ಅವಳನ್ನು ಅನಾಥಾಲಯಕ್ಕೆ ಕಳಿಸಿದ್ದರು. ಅಲ್ಲೇ ಸತ್ತಳು ಎಂದು ಅವರು ನಂಬಿದ್ದಾರೆ. ಒಂದೇ ಮೇಜಿನ ಹತ್ತಿರ ಇಬ್ಬರೂ ಇರುತ್ತಾರೆ. ಅವರು ಅವಳೊಂದಿಗೆ ಮಾತಾಡುವುದಿಲ್ಲ. ಮೊದಲ ಓದಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಗೊತ್ತಾದ ಮೇಲೆ ಹಿಂದಿನ ಪುಟಗಳಿಗೆ ಹೋಗಿ ನೋಡಬೇಕು. ಇಡೀ ಮನೆಯ ಚರಿತ್ರೆ ಬರೆಯುವ ಮನುಷ್ಯ, ಕೊಲೆ ಮಾಡಿದವಳನ್ನೇ ಲೆಕ್ಕದಿಂದ ಬಿಟ್ಟಿದ್ದಾರೆ.

ಈಗ ಬಟ್ಟಲಿಗೆ ಬರೋಣ. ತಂಗಿ ಅದರಲ್ಲಿ ವಿಷ ಹೂತಳು. ಅಕ್ಕ ಏನು ಮಾಡಿದಳು? ಪೊಲೀಸರು ಬರುವ ಮೊದಲೇ ಬಟ್ಟಲನ್ನು ತೊಳೆದಿಟ್ಟಳು. ಕೇಳಿದರೆ, ಅದರಲ್ಲಿ ಜೇಡ ಬಿದ್ದಿತ್ತು ಎಂದಳು.

ಕಾದಂಬರಿಯಲ್ಲಿ ಕಾನ್‌ಸ್ಟನ್ಸ್ ಬಗ್ಗೆ ಇರುವ ಅತ್ಯಂತ ದೊಡ್ಡ ವರ್ಣನೆ ಇದೇ ಎಂದು ನಾನು ಭಾವಿಸುತ್ತೇನೆ. ಹೊಂಗೂದಲು, ನೀಲಿ ಕಣ್ಣು ಎಲ್ಲ ಪಕ್ಕಕ್ಕಿರಲಿ. ಮನೆಯಲ್ಲಿ ಜನ ಸಾಯುತ್ತಿದ್ದಾರೆ. ಒಬ್ಬ ಹೆಂಗಸು ನಲ್ಲಿ ತಿರುಗಿಸಿ ಒಂದು ಬಟ್ಟಲನ್ನು ತೊಳೆಯುತ್ತಿದ್ದಾಳೆ. ಆ ಒಂದು ಕೆಲಸದಲ್ಲಿ ಅವಳಿಗೆ ಏನು ಗೊತ್ತಿತ್ತು ಎಂಬುದಿದೆ. ಯಾರನ್ನು ಉಳಿಸಬೇಕೆಂದು ಅವಳು ಆರಿಸಿಕೊಂಡಳು ಎಂಬುದಿದೆ. ಮುಂದಿನ ಆರು ವರ್ಷ ಅವಳು ತೋಟದಾಚೆ ಕಾಲಿಡದೆ ಇರುವುದಕ್ಕೆ ಕಾರಣವೂ ಇದೆ. ಅವಳು ಬಲಿಪಶು ಎನ್ನುವವರು ಈ ಬಟ್ಟಲನ್ನು ಮರೆಯುತ್ತಾರೆ. ಅವಳು ಸುಮ್ಮನಿದ್ದು ಒಪ್ಪಿದವಳು. ಒಪ್ಪಿಕೊಂಡು ತಾನು ಕಟಕಟೆಗೆ ಹೋದವಳು.

ಇಷ್ಟು ಮಾತು ಅಕ್ಕತಂಗಿಯರದಾಯಿತು. ಒಬ್ಬಳು ಇಟ್ಟಳು, ಒಬ್ಬಳು ತೊಳೆದಳು. ಇನ್ನು ಊರಿನ ಮಾತು. ಊರನ್ನು ಜ್ಯಾಕ್ಸನ್ ಹೇಗೆ ಚಿತ್ರಿಸುತ್ತಾರೆ?

ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮೆರಿಕ್ಯಾಟ್ ಊರೊಳಗೆ ಹೋಗುತ್ತಾಳೆ. ದಿನಸಿ ತರಬೇಕು, ಗ್ರಂಥಾಲಯದ ಪುಸ್ತಕ ಬದಲಾಯಿಸಬೇಕು. ಆ ನಡಿಗೆಯನ್ನು ಅವಳು ಮನಸ್ಸಿನಲ್ಲಿ ಒಂದು ಆಟ ಮಾಡಿಕೊಳ್ಳುತ್ತಾಳೆ. ದಾಳ ಉರುಳಿಸಿ ಮನೆಯಿಂದ ಮನೆಗೆ ಕಾಯಿ ನಡೆಸುವ ಆಟ. ರಸ್ತೆ ದಾಟಿದರೆ ಇಷ್ಟು ಮನೆ ಮುಂದಕ್ಕೆ. ಯಾರೋ ಎದುರಾದರೆ ಒಂದು ಸರದಿ ತಪ್ಪಿತು. ಅಂಗಡಿಯೊಳಗೆ ಅವಳು ಹೋದ ಕೂಡಲೇ ಮಾತು ನಿಲ್ಲುತ್ತದೆ. ಮಕ್ಕಳು ಹಿಂದಿನಿಂದ ಅವಳ ಹೆಸರಿಟ್ಟು ಪ್ರಾಸ ಕಟ್ಟಿ ಹಾಡುತ್ತಾರೆ. ಅವಳು ಮುಖದಲ್ಲಿ ಏನೂ ತೋರಿಸದೆ ಮನಸ್ಸಿನೊಳಗೆ ಆ ಜನರನ್ನೆಲ್ಲ ನೆಲದ ಮೇಲೆ ಸತ್ತು ಬಿದ್ದವರಂತೆ ಕಲ್ಪಿಸಿಕೊಳ್ಳುತ್ತಾಳೆ. ಅವರನ್ನು ದಾಟಿಕೊಂಡು ಹೋಗಿ ಬೇಕಾದ ಸಾಮಾನು ತಾನೇ ತೆಗೆದುಕೊಂಡ ಹಾಗೆ.

ಊರಿಗೆ ಬಣ್ಣವಿಲ್ಲ. ಎಲ್ಲ ಬೂದು, ಮಂಕು. ಮನೆಯೊಳಗೆ ಮಾತ್ರ ಬಣ್ಣ ಇದೆ. ಜಾಡಿಗಳಲ್ಲಿ, ಅಮ್ಮನ ದಿವಾನಖಾನೆಯಲ್ಲಿ, ಕಾನ್‌ಸ್ಟನ್ಸ್ ಕೂದಲಲ್ಲಿ. ಇದು ಮೆರಿಕ್ಯಾಟ್ ಕಣ್ಣು. ಊರು ಅಷ್ಟೊಂದು ಮಂಕಾಗಿರಲಿಕ್ಕಿಲ್ಲ. ಆದರೆ ನಮಗೆ ಬೇರೆ ಕಣ್ಣು ಸಿಗುವುದಿಲ್ಲ. ಹತ್ತು ಪುಟ ಓದುವಷ್ಟರಲ್ಲಿ ನಾವೂ ಊರನ್ನು ದ್ವೇಷಿಸಲು ಶುರುಮಾಡುತ್ತೇವೆ. ನಾಲ್ಕು ಜನರನ್ನು ಕೊಂದವಳ ಜೊತೆ ಬೇಲಿಯೊಳಗೆ ಸೇರಿಕೊಂಡು, ಗೇಟಿಗೆ ಬೀಗ ಬಿತ್ತೇ ಎಂದು ನೋಡುತ್ತೇವೆ. ಕಾದಂಬರಿಯನ್ನು 1966ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನಾಟಕವಾಗಿ ಆಡಿದರು. ಹೆಚ್ಚು ದಿನ ನಡೆಯಲಿಲ್ಲ. ರಂಗದ ಮೇಲೆ ಅವಳು ನಮ್ಮೆದುರು ನಿಂತ ಒಬ್ಬ ಹುಡುಗಿ. ಪುಸ್ತಕದಲ್ಲಿ ಅವಳು ನಮ್ಮ ಕಣ್ಣೇ ಆಗಿರುತ್ತಾಳೆ.

ಸರಿ. ಮನೆಗೆ ಬಣ್ಣ, ಊರಿಗೆ ಬೂದು. ಈ ಎರಡರ ನಡುವೆ ಒಬ್ಬ ಗಂಡಸು ಬರುತ್ತಾನೆ. ಚಾರ್ಲ್ಸ್. ದೊಡ್ಡಪ್ಪನ ಮಗ.

ಅವನ ವರ್ಣನೆ ಚುಟುಕು. ದೊಡ್ಡ, ಬಿಳಿಚಿದ ಮುಖ. ಅಪ್ಪನ ಮುಖದ ಹಾಗೇ ಇದೆ. ಅವನು ಅಪ್ಪನ ಕುರ್ಚಿಯಲ್ಲಿ ಕೂರುತ್ತಾನೆ. ಅಪ್ಪನ ಕೋಣೆಯಲ್ಲಿ ಮಲಗುತ್ತಾನೆ. ಅಪ್ಪನ ಗಡಿಯಾರ ಕಟ್ಟಿಕೊಳ್ಳುತ್ತಾನೆ. ಹಣದ ಪೆಟ್ಟಿಗೆ ಎಲ್ಲಿ ಎಂದು ಕೇಳುತ್ತಾನೆ. ಮೆರಿಕ್ಯಾಟ್ ಪಾಲಿಗೆ ಅವನು ದೆವ್ವ. ಓಡಿಸಬೇಕು. ಒಂದು ದಿನ ಅವನ ಪೈಪು ಮೇಜಿನ ಮೇಲೆ ಉರಿಯುತ್ತಿರುತ್ತದೆ. ಅವಳು ಅದನ್ನು ಕಸದ ಬುಟ್ಟಿಗೆ ತಳ್ಳುತ್ತಾಳೆ. ಬುಟ್ಟಿಯಲ್ಲಿ ಹಳೆಯ ಪತ್ರಿಕೆಗಳು. ಮನೆಗೆ ಬೆಂಕಿ ಬೀಳುತ್ತದೆ.

ಅಗ್ನಿಶಾಮಕದವರು ಬರುತ್ತಾರೆ. ಅವರೆಲ್ಲ ಊರಿನವರೇ. ಬೆಂಕಿ ಆರಿಸುತ್ತಾರೆ. ಕರ್ತವ್ಯ ಮುಗಿಯಿತು. ಅವರ ಮುಖ್ಯಸ್ಥ ತಲೆಯ ಮೇಲಿನ ಟೋಪಿ ತೆಗೆದು ಪಕ್ಕಕ್ಕಿಡುತ್ತಾನೆ. ಬಗ್ಗಿ ಒಂದು ಕಲ್ಲು ಎತ್ತಿಕೊಳ್ಳುತ್ತಾನೆ. ದಿವಾನಖಾನೆಯ ಎತ್ತರದ ಕಿಟಕಿಗೆ ಬೀಸುತ್ತಾನೆ. ಟೋಪಿ ತೆಗೆದದ್ದನ್ನು ನೋಡಿ. ಟೋಪಿ ಇದ್ದಾಗ ಅವನು ಅಧಿಕಾರಿ, ತೆಗೆದಾಗ ಊರು. ಆಮೇಲೆ ಜನ ನುಗ್ಗುತ್ತಾರೆ. ಪಿಂಗಾಣಿ ಗೊಂಬೆಗಳು, ಅಮ್ಮನ ಹಾರ್ಪ್ ವಾದ್ಯ, ತಟ್ಟೆಗಳು, ಎಲ್ಲ ಪುಡಿ. ಬೆಂಕಿ ಸುಟ್ಟದ್ದು ಮೇಲಂತಸ್ತನ್ನು. ಕೆಳಗಿನದನ್ನು ಒಡೆದದ್ದು ನೆರೆಹೊರೆ. ಆ ರಾತ್ರಿ ಚಿಕ್ಕಪ್ಪ ಜೂಲಿಯನ್ ತೀರಿಕೊಳ್ಳುತ್ತಾರೆ.

ಅಕ್ಕತಂಗಿಯರು ಕಾಡಿನಲ್ಲಿ, ಎಲೆಗಳ ಹಾಸಿನ ಮೇಲೆ ಅಡಗಿ ರಾತ್ರಿ ಕಳೆಯುತ್ತಾರೆ. ಅಲ್ಲಿಯೇ ಮೊದಲ ಸಲ ಆ ಮಾತು ಬಾಯಿಗೆ ಬರುತ್ತದೆ. ಸಕ್ಕರೆಗೆ ಹಾಕಿದವಳು ತಾನು ಎಂದು ತಂಗಿ ಆಮೇಲೆ ಹೇಳುತ್ತಾಳೆ. ತನಗೆ ಅವತ್ತೇ ಗೊತ್ತಿತ್ತು ಎಂದು ಅಕ್ಕ ಹೇಳುತ್ತಾಳೆ. ಎರಡು ಮೂರು ಸಾಲಿನಲ್ಲಿ ಮುಗಿಯಿತು. ಅಳು ಇಲ್ಲ, ವಿವರಣೆ ಇಲ್ಲ. ಕಾದಂಬರಿಯ ಎಲ್ಲ ವಸ್ತುಗಳೂ ಈ ಮಾತನ್ನು ಆಗಲೇ ಹೇಳಿಯಾಗಿದೆ. ಬಾಯಿ ತಡವಾಗಿ ಹೇಳಿತು.

ಇಲ್ಲಿಯವರೆಗೆ ಬಂದ ದಾರಿ ನೆನಪಿರಲಿ. ಹೂಳುವ ಕೈ, ಕಾಪಿಡುವ ಕೈ, ಬಟ್ಟಲು, ಬಣ್ಣವಿಲ್ಲದ ಊರು, ಟೋಪಿ ತೆಗೆದ ಮನುಷ್ಯ. ಕೊನೆಯ ಭಾಗಕ್ಕೆ ಬಂದಿದ್ದೇನೆ.

ಬೆಳಗಾದ ಮೇಲೆ ಇಬ್ಬರೂ ಮನೆಗೆ ಮರಳುತ್ತಾರೆ. ಚಾವಣಿ ಇಲ್ಲ. ಮೇಲುಗಡೆ ಸುಟ್ಟ ಗೋಡೆಗಳು ಆಕಾಶಕ್ಕೆ ತೆರೆದು, ಗೋಪುರದ ಹಾಗೆ ನಿಂತಿವೆ. ಹೆಸರಿನಲ್ಲಿ ಇದ್ದ ಕೋಟೆ ಈಗ ನಿಜಕ್ಕೂ ಬಂತು. ಅಡುಗೆಮನೆ ಉಳಿದಿದೆ. ನೆಲಮಾಳಿಗೆಯ ಜಾಡಿಗಳು ಉಳಿದಿವೆ. ಕಾನ್‌ಸ್ಟನ್ಸ್ ಗುಡಿಸಿ, ಒರೆಸಿ, ಒಡೆಯದೆ ಉಳಿದ ಕೆಲವು ಬಟ್ಟಲುಗಳನ್ನು ಜೋಡಿಸುತ್ತಾಳೆ. ಉಡಲು ಬಟ್ಟೆ ಇಲ್ಲ. ಅಕ್ಕ ಚಿಕ್ಕಪ್ಪನ ಅಂಗಿ ತೊಡುತ್ತಾಳೆ. ತಂಗಿ ಮೇಜಿನ ಹಾಸನ್ನು ಸುತ್ತಿಕೊಳ್ಳುತ್ತಾಳೆ. ಕಿಟಕಿಗಳಿಗೆ ಹಲಗೆ, ಬಾಗಿಲಿಗೆ ಬೀಗ. ದಿನ ಕಳೆದಂತೆ ಬಳ್ಳಿಗಳು ಗೋಡೆ ಹತ್ತುತ್ತವೆ.

ಆಗ ಊರು ಬದಲಾಗುತ್ತದೆ. ಕತ್ತಲಾದ ಮೇಲೆ ಹೊಸ್ತಿಲಲ್ಲಿ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಹುರಿದ ಕೋಳಿ, ಪೈ, ಬ್ರೆಡ್ಡು. ಜೊತೆಗೆ ಚೀಟಿ. ಕುರ್ಚಿ ಮುರಿದದ್ದಕ್ಕೆ ಕ್ಷಮಿಸಿ, ತಟ್ಟೆ ಒಡೆದದ್ದಕ್ಕೆ ಕ್ಷಮಿಸಿ. ಊರಿನವರು ಮಕ್ಕಳಿಗೆ ಆ ಮನೆಯ ಹತ್ತಿರ ಹೋಗಬೇಡಿ ಎನ್ನುತ್ತಾರೆ. ಅಲ್ಲಿ ಇಬ್ಬರು ಹೆಂಗಸರಿದ್ದಾರೆ, ಹಿಡಿದು ತಿನ್ನುತ್ತಾರೆ ಎನ್ನುತ್ತಾರೆ. ಇಡೀ ಪುಸ್ತಕದಲ್ಲಿ ಮೆರಿಕ್ಯಾಟ್ ಊರನ್ನು ಬಣ್ಣಿಸಿದ್ದಳು. ಈಗ ಊರು ಅವಳನ್ನು ಬಣ್ಣಿಸುತ್ತಿದೆ. ಅವಳು ಆಸೆಪಟ್ಟಿದ್ದ ರೂಪವನ್ನೇ ಕೊಟ್ಟಿದೆ. ತೋಳಮಾನವಳಲ್ಲ, ಅದಕ್ಕೆ ಹತ್ತಿರದ್ದು. ಅವಳು ಬಾಗಿಲ ಹಿಂದೆ ಕೂತು ಆ ಮಾತುಗಳನ್ನು ಕೇಳುತ್ತಾಳೆ. ಅವಳಿಗೆ ಸಂತೋಷ.

ಮೊದಲಿನಿಂದಲೂ ಅವಳಿಗೊಂದು ಕನಸಿತ್ತು. ಅಕ್ಕನನ್ನು ಚಂದ್ರನ ಮೇಲೆ ಕರೆದುಕೊಂಡು ಹೋಗಬೇಕು. ಅಲ್ಲಿ ರೆಕ್ಕೆಯ ಕುದುರೆ ಇದೆ, ಎಲ್ಲ ಬೀಗಗಳೂ ಗಟ್ಟಿ, ಯಾರೂ ಬರುವುದಿಲ್ಲ. ಸುಟ್ಟ ಮನೆಯೇ ಈಗ ಆ ಚಂದ್ರ. ಕೊನೆಗೆ ಕಾನ್‌ಸ್ಟನ್ಸ್ ತಾನು ಸುಖವಾಗಿದ್ದೇನೆ ಎನ್ನುತ್ತಾಳೆ. ಇದು ಸುಖಾಂತ ಎಂದು ಹೇಳುವ ಓದುಗರಿದ್ದಾರೆ. ಇಬ್ಬರು ಹೆಂಗಸರು ಗಂಡಸಿನ ಮನೆಯನ್ನು ಕಳಚಿ ತಮ್ಮದನ್ನು ಕಟ್ಟಿಕೊಂಡರು ಎಂದು ಅವರ ವಾದ. ಅದರಲ್ಲಿ ಅರ್ಧ ಸತ್ಯ ಇದೆ. ಜ್ಯಾಕ್ಸನ್ ಸ್ವತಃ ಈ ಪುಸ್ತಕ ಬರೆದ ಆಸುಪಾಸಿನಲ್ಲಿ ವರ್ಮಾಂಟ್ ರಾಜ್ಯದ ತಮ್ಮ ಮನೆಯಿಂದ ಹೊರಗೆ ಕಾಲಿಡಲಾಗದ ಭಯದಲ್ಲಿ ನರಳಿದರು. ಅವರು ಬರೆದು ಪೂರೈಸಿದ ಕೊನೆಯ ಕಾದಂಬರಿ ಇದು. 1965ರಲ್ಲಿ, ಐವತ್ತು ಕೂಡ ತುಂಬುವ ಮೊದಲೇ ತೀರಿಕೊಂಡರು. ಮುಚ್ಚಿದ ಬಾಗಿಲಿನ ಒಳಗೆ ಎಷ್ಟು ಹಿತ ಇರುತ್ತದೆ, ಅದಕ್ಕೆ ಎಷ್ಟು ಬೆಲೆ ತೆರಬೇಕು ಎಂಬುದು ಅವರಿಗೆ ಪುಸ್ತಕದಿಂದ ತಿಳಿದ ವಿಷಯವಲ್ಲ.

ಆ ಬೆಲೆಯನ್ನು ತೆತ್ತವಳು ಕಾನ್‌ಸ್ಟನ್ಸ್. ಅವಳ ಸುಖದ ಸುದ್ದಿ ನಮಗೆ ಬರುವುದು ತಂಗಿಯ ಬಾಯಿಂದ. ಕಾದಂಬರಿಯ ಆರಂಭದಲ್ಲಿ ಒಂದು ಸಣ್ಣ ಪ್ರಸಂಗ ಇದೆ. ತಂಗಿ ಪೇಟೆಯಿಂದ ಬರುವ ಹೊತ್ತಿಗೆ ಕಾನ್‌ಸ್ಟನ್ಸ್ ತೋಟದ ಕೊನೆಯವರೆಗೆ ನಡೆದು ಬಂದು ನಿಂತಿರುತ್ತಾಳೆ. ನೋಡು, ಇವತ್ತು ನಾನು ಎಷ್ಟು ದೂರ ಬಂದೆ ಎಂದು ಹಿಗ್ಗುತ್ತಾಳೆ. ಆರು ವರ್ಷದಲ್ಲಿ ಅಷ್ಟು ದೂರ ಬಂದದ್ದು ಅದೇ ಮೊದಲು. ಹಳೆಯ ಗೆಳತಿಯೊಬ್ಬಳು ಬಂದು, ನೀನು ಮತ್ತೆ ಜನರ ನಡುವೆ ಬರಬೇಕು ಎಂದಾಗ ಅವಳು ಬೇಡ ಎನ್ನುವುದಿಲ್ಲ. ಅವಳಿಗೆ ಆಸೆ ಹುಟ್ಟಿತ್ತು. ಅದನ್ನು ಕಂಡೇ ಮೆರಿಕ್ಯಾಟ್ ನಡುಗಿದಳು. ಜಾಮ್‌ನಲ್ಲಿ ಬರೆದು ನುಂಗಿದ ಪದ, ಮರದ ಮೊಳೆ, ಕಸದ ಬುಟ್ಟಿಯ ಬೆಂಕಿ, ಎಲ್ಲವೂ ಆ ಆಸೆಯ ವಿರುದ್ಧ ಹೂಡಿದ್ದು. ಸುಖಾಂತ ಎನ್ನುವವರಿಗೆ ನಾನು ಆ ತೋಟದ ಪುಟವನ್ನು ತೆಗೆದು ತೋರಿಸುತ್ತೇನೆ.